ಸಹಾಯ ಬೇಕು: ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಂದಿರು ದಯವಿಟ್ಟು ತಿಳಿಸಿ

ಹೆರಿಗೆ ವಾರ್ಡಿನ ನರ್ಸ್‌ಗಳ ತರಬೇತಿಗೆ ತಾಯಂದಿರ ಅನುಭವ ಸಂಗ್ರಹಿಸುತ್ತಿದ್ದೇವೆ. ಕಳೆದ ಒಂದು ವರ್ಷದಲ್ಲಿ ತಾಲ್ಲೂಕು ಅಥವಾ ಜಿಲ್ಲಾಸ್ಪತ್ರೆಯಲ್ಲಿ ಹೆರಿಗೆಯಾದವರು ಬರೆಯಿರಿ. "ಚೆನ್ನಾಗಿ ನೋಡ್ಕೊಂಡ್ರಾ?" ಅಂದರೆ ಮಗು ಕೈಗೆ ಬಂದ ಖುಷಿಯಲ್ಲಿ ಹೆಚ್ಚಿನವರು ಹೂಂ ಅಂದುಬಿಡುತ್ತಾರೆ. ಅದಕ್ಕೇ ನಡೆದದ್ದನ್ನೇ ಕೇಳುತ್ತಿದ್ದೇವೆ.

ನೋವು ತಿನ್ನುವಾಗ ಅಮ್ಮನೋ ಅಕ್ಕನೋ ಜೊತೆಗಿರಲು ಬಿಟ್ಟರೇ? ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆ ಸುಧಾರಿಸಲು ಕೇಂದ್ರ ಸರ್ಕಾರ 2017ರಲ್ಲಿ ಶುರುಮಾಡಿದ ಲಕ್ಷ್ಯ ಕಾರ್ಯಕ್ರಮದಲ್ಲಿ ಇದಕ್ಕೆ ಅವಕಾಶವಿದೆ. ಒಳಪರೀಕ್ಷೆಗೆ ಮೊದಲು ಹೇಳಿ, ಪರದೆ ಎಳೆದರೇ? ಎಲ್ಲ ಸರಿಯಿದ್ದರೆ 4 ಗಂಟೆಗೊಮ್ಮೆ ಸಾಕು, ಪದೇ ಪದೇ ಮಾಡಿದರೆ ಸೋಂಕಿನ ಭಯ. ಮಗು ಬೇಗ ಬರಲೆಂದು ಹೊಟ್ಟೆ ಒತ್ತಿದರೇ? ಅದು ಮಾಡಬಾರದ ಕೆಲಸ.

ಹೊಲಿಗೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಿರಿ. ಆ ಜಾಗ ಮರಗಟ್ಟಿಸುವ ಲಿಗ್ನೋಕೇನ್ ಇಂಜೆಕ್ಷನ್ ಕೊಟ್ಟು 2 ನಿಮಿಷ ಕಾದು, ಚಿಮಟದಿಂದ (ಫೋರ್ಸೆಪ್ಸ್) ಮೆಲ್ಲಗೆ ಚಿವುಟಿ, ನೋವು ಗೊತ್ತಾಗುತ್ತಿಲ್ಲ ಅಂದ ಮೇಲೇ ಹೊಲಿಗೆ ಹಾಕಬೇಕು. ಅವಸರದಲ್ಲಿ ತಪ್ಪಿಹೋಗುವುದು ಆ 2 ನಿಮಿಷವೇ.

ಮಗುವನ್ನು ಎದೆಯ ಮೇಲೆ ಮಲಗಿಸಿದರೇ, ಒಂದು ಗಂಟೆಯೊಳಗೆ ಹಾಲು ಕುಡಿಸಿದರೇ? ಔಷಧ, ಊಟ, ಮನೆಗೆ ಬಿಡುವ ಗಾಡಿ ಎಲ್ಲ ಉಚಿತ. ಆದರೂ ಯಾರಾದರೂ ದುಡ್ಡು ಕೇಳಿದರೇ?

ಸಿಸೇರಿಯನ್ ಆದವರೂ ಬರೆಯಿರಿ. ಆಸ್ಪತ್ರೆ, ಡಾಕ್ಟರ್ ಹೆಸರು ಬೇಡ. ಇಲ್ಲಿ ಮುಜುಗರವಾದರೆ ಮೆಸೇಜ್ ಮಾಡಿ, ವಾಯ್ಸ್ ಕಳಿಸಿದರೂ ಆಗುತ್ತದೆ.