ಪದಚರ್ಚೆ: ಹವಳದ ತೊಟ್ಟಿಯ ನೀರಿಗೆ ‘ಗಡಸುತನ’ ಎನ್ನಬಹುದೇ?

ಪ್ರಶ್ನೆ: ಮೀನು ಮಾತ್ರ ಇರುವ ಉಪ್ಪುನೀರಿನ ಅಕ್ವೇರಿಯಂ ಅನ್ನು ಹವಳದ ತೊಟ್ಟಿಯಾಗಿಸುವ ಬಗ್ಗೆ ಕನ್ನಡದಲ್ಲೊಂದು ಕೈಪಿಡಿ ತಯಾರಾಗುತ್ತಿದೆ. ಕರಡಿನ ಒಂದು ಭಾಗ ಹೀಗಿದೆ: “ತಾಮ್ರದ ಔಷಧಿ ಬಿದ್ದಿದ್ದ ಕಲ್ಲು, ಮರಳನ್ನು ಹೊರಹಾಕಿ. ಹವಳ ತಿನ್ನುವ ಚಿಟ್ಟೆಮೀನು, ಟ್ರಿಗರ್ ಮೀನುಗಳನ್ನು ಬೇರೆ ತೊಟ್ಟಿಗೆ ಸಾಗಿಸಿ. ನೈಟ್ರೇಟ್ ಲೀಟರಿಗೆ 10 ಮಿ.ಗ್ರಾಂ ಒಳಗೆ ಇಳಿಯಲಿ. ಸಾಂದ್ರತೆಯನ್ನು 1.021ರಿಂದ 1.025ಕ್ಕೆ, ದಿನಕ್ಕೆ 0.001ರಂತೆ ಏರಿಸಿ. ಗಡಸುತನ 8ರಿಂದ 9 ಇರಲಿ.” ಕೊನೆಯ ವಾಕ್ಯದ ಗಡಸುತನ ಅಂಗಡಿಯವರು ಹೇಳುವ ‘ಕೆಎಚ್’. ಕೆಲವರು ‘ಕ್ಷಾರತೆ’ ಎನ್ನುತ್ತಾರೆ. ಯಾವುದನ್ನು ಉಳಿಸಿಕೊಳ್ಳಬೇಕು?

ಉತ್ತರ: ಕ್ಷಾರತೆಯನ್ನೇ ಉಳಿಸಿಕೊಳ್ಳಿ. ಇಲ್ಲಿ ಗಡಸುತನ ಬರೀ ಒರಟು ಅನುವಾದವಲ್ಲ, ಓದಿದವರ ಕೈಯಲ್ಲಿ ತಪ್ಪು ಪುಡಿ ಹಾಕಿಸುತ್ತದೆ.

ಕೆಎಚ್‌ನ ‘ಕೆ’ ಬಂದದ್ದು ಕಾರ್ಬೊನೇಟ್ ಗಡಸುತನಕ್ಕಿರುವ ಜರ್ಮನ್ ಹೆಸರಿನಿಂದ. ನಮ್ಮ ಶಾಲಾ ಪುಸ್ತಕಗಳ ‘ತಾತ್ಕಾಲಿಕ ಗಡಸುತನ’ ಇದರ ನೆಂಟ. ಸಿಹಿನೀರಿನಲ್ಲಿ ಈ ನಂಟು ನಡೆಯುತ್ತದೆ, ಸಮುದ್ರದ ನೀರಿನಲ್ಲಿ ಕಡಿದುಹೋಗುತ್ತದೆ. ಗಡಸುತನ ಎಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಸಮುದ್ರದ ನೀರಿನಲ್ಲಿ ಇವು ಲೀಟರಿಗೆ ಸುಮಾರು 410 ಮತ್ತು 1,290 ಮಿ.ಗ್ರಾಂ ಇರುವುದರಿಂದ ನಿಜವಾದ ಗಡಸುತನ ಜರ್ಮನ್ ಡಿಗ್ರಿಯಲ್ಲಿ (ಗಡಸುತನ, ಕೆಎಚ್ ಎರಡನ್ನೂ ಅಳೆಯುವ ಏಕಮಾನ) ಸುಮಾರು 350. ಕರಡು ಕೇಳುತ್ತಿರುವುದು 8! ಸಿಹಿನೀರಿನ ಗಡಸುತನ ಅಳೆಯುವ ಕಿಟ್ ತಂದವರು ಬಣ್ಣ ಬದಲಾಗಲೆಂದು ಹನಿ ಹಾಕುತ್ತಲೇ ಇರಬೇಕಾಗುತ್ತದೆ.

ಕ್ಷಾರತೆ ಎಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ, ಹೆಚ್ಚಿನ ಪಾಲು ಬೈಕಾರ್ಬೊನೇಟಿನದು. ಮೀನಿನ ತೊಟ್ಟಿಯಲ್ಲಿ ಇದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನೀರು ಬದಲಿಸಿದರೆ ಸಾಕಾಗುತ್ತದೆ. ಗಟ್ಟಿ ಹವಳ ಬಂದ ಮೇಲೆ ಹಾಗಲ್ಲ. ಅದು ಅಸ್ಥಿ ಕಟ್ಟಲು ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಎರಡನ್ನೂ ದಿನವೂ ಎಳೆದುಕೊಳ್ಳುತ್ತದೆ. ಕ್ಷಾರತೆ 1 ಡಿಗ್ರಿ ಇಳಿಯುವ ಹೊತ್ತಿಗೆ ಕ್ಯಾಲ್ಸಿಯಂ ಇಳಿದಿರುವುದು ಲೀಟರಿಗೆ ಸುಮಾರು 7 ಮಿ.ಗ್ರಾಂ ಮಾತ್ರ. 410ರಲ್ಲಿ 7 ಕಿಟ್‌ಗೆ ಕಾಣುವುದೇ ಇಲ್ಲ, 8ರಲ್ಲಿ 1 ಎದ್ದು ಕಾಣುತ್ತದೆ. ‘ಗಡಸುತನ ಇಳಿದಿದೆ’ ಎಂದು ಓದಿದವರು ಸಹಜವಾಗಿಯೇ ಕ್ಯಾಲ್ಸಿಯಂ ಕ್ಲೋರೈಡ್ ಸುರಿಯುತ್ತಾರೆ, ಕೊರತೆ ಅಲ್ಲೇ ಉಳಿಯುತ್ತದೆ. ಬೇಕಾದದ್ದು ಅಡುಗೆ ಸೋಡಾ: 100 ಲೀಟರಿಗೆ 1 ಡಿಗ್ರಿ ಏರಿಸಲು 3 ಗ್ರಾಂ, ಆರ್‌ಓ ನೀರಿನಲ್ಲಿ ಕರಗಿಸಿ ನಿಧಾನವಾಗಿ. ದಿನಕ್ಕೆ 1 ಡಿಗ್ರಿ ಮೀರಬಾರದು. ಕ್ಯಾಲ್ಸಿಯಂ ದ್ರಾವಣವನ್ನು ಅದರ ಬೆನ್ನಿಗೇ ಹಾಕಿದರೆ ಎರಡೂ ಸೇರಿ ಬಿಳಿ ಗಸಿಯಾಗಿ ಕೂರುತ್ತವೆ. ಮೆಗ್ನೀಸಿಯಂ ತೀರಾ ಕಡಿಮೆಯಿದ್ದರೂ ಹೀಟರ್, ಪಂಪಿನ ಮೇಲೆ ಅದೇ ಪದರ ಕಟ್ಟುತ್ತದೆ.

‘ಕ್ಷಾರತೆ’ಗೂ ಒಂದು ತೊಡಕಿದೆ: ಓದುಗರು ಅದನ್ನು ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ) ಎಂದುಕೊಂಡಾರು. ಬಾಗಿಲು ಹಾಕಿದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿ, ಕ್ಷಾರತೆ 8 ಇದ್ದರೂ ರಾತ್ರಿ ಪಿಎಚ್ 7.9ಕ್ಕೆ ಇಳಿಯಬಹುದು. ಅದಕ್ಕೆ ಮದ್ದು ಕಿಟಕಿ ತೆರೆಯುವುದು. ಪಿಎಚ್ ಬೆನ್ನಟ್ಟಿ ಸೋಡಾ ಸುರಿಯುತ್ತಾ ಹೋದರೆ ಕ್ಷಾರತೆ 12 ದಾಟಿ, ನೈಟ್ರೇಟ್, ಫಾಸ್ಫೇಟ್ ಕಡಿಮೆಯಿರುವ ತೊಟ್ಟಿಯಲ್ಲಿ ಅಕ್ರೊಪೋರಾ ಹವಳದ ತುದಿಗಳು ಸುಟ್ಟಂತೆ ಬಿಳಿಚಿಕೊಳ್ಳುತ್ತವೆ. ಆದ್ದರಿಂದ ಮೊದಲ ಸಲ ‘ಕ್ಷಾರತೆ, ಅಂದರೆ ಕಿಟ್ ಮೇಲಿನ ಕೆಎಚ್, ಪಿಎಚ್ ಅಲ್ಲ’ ಎಂದು ಬರೆದುಬಿಡಿ.

ಕರಡಿನ ‘ಸಾಂದ್ರತೆ’ಯೂ ‘ಸಾಪೇಕ್ಷ ಸಾಂದ್ರತೆ’ ಆಗಬೇಕು; ಅದು ಶುದ್ಧ ನೀರಿನೊಂದಿಗಿನ ಹೋಲಿಕೆ, ಅದಕ್ಕೆ ಏಕಮಾನವಿಲ್ಲ. 1.025ರ ಬದಲು ‘ಲವಣಾಂಶ’ ಬರೆಯುವುದಾದರೆ ಅಂಕಿ ಸುಮಾರು 33–34, ಸಾವಿರಕ್ಕೆ. ತಾಮ್ರದ ವಾಕ್ಯ ಚೆನ್ನಾಗಿದೆ, ಕಾರಣವನ್ನೂ ಸೇರಿಸಿ: ಸುಣ್ಣದಂಶದ ಕಲ್ಲು ತಾಮ್ರವನ್ನು ಹಿಡಿದಿಟ್ಟುಕೊಂಡು ತಿಂಗಳುಗಟ್ಟಲೆ ಬಿಡುತ್ತಿರುತ್ತದೆ. ಅಷ್ಟು ಹೇಳದಿದ್ದರೆ ದುಡ್ಡು ಕೊಟ್ಟು ತಂದ ಕಲ್ಲನ್ನು ಯಾರೂ ಹೊರಗೆ ಹಾಕುವುದಿಲ್ಲ.