ಪ್ರೀತಿ ಹುಟ್ಟುತ್ತದೆ, ಲೈಂಗಿಕ ಆಸೆ ಹುಟ್ಟುವುದಿಲ್ಲ: ಮದುವೆ ಮಾತುಕತೆಗೆ ಮುನ್ನ ಅನುಭವಸ್ಥರ ಸಲಹೆ ಬೇಕಾಗಿದೆ

ಬೆಣ್ಣೆನಗರಿ (ಪ್ರಶ್ನೆ):

ನನ್ನ ವಯಸ್ಸು 29. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ಮನೆಯಲ್ಲಿ ಗಂಡು ನೋಡಲು ಶುರುಮಾಡಿದ್ದಾರೆ, ಜಾತಕಗಳು ಬರುತ್ತಿವೆ, ನನಗೂ ಮದುವೆ ಬೇಡವೆಂದೇನೂ ಇಲ್ಲ. ತೊಡಕು ಬೇರೆಯದು. ನಾನು ಇದುವರೆಗೆ ಇಬ್ಬರನ್ನು ಮನಸಾರೆ ಪ್ರೀತಿಸಿದ್ದೇನೆ. ಅವರ ಫೋನ್ ಬರುವವರೆಗೆ ಊಟ ಸೇರುತ್ತಿರಲಿಲ್ಲ, ಅವರು ಬೇರೆ ಯಾರೊಡನೆಯಾದರೂ ನಗುತ್ತಾ ನಿಂತರೆ ಹೊಟ್ಟೆಕಿಚ್ಚಾಗುತ್ತಿತ್ತು, ಮುಂದಿನ ಮನೆ, ಮಕ್ಕಳು ಎಲ್ಲವನ್ನೂ ಅವರೊಡನೆಯೇ ಕಲ್ಪಿಸಿಕೊಳ್ಳುತ್ತಿದ್ದೆ. ಆದರೆ ಲೈಂಗಿಕವಾಗಿ ಅವರು ಬೇಕು ಎಂದು ಒಮ್ಮೆಯೂ ಅನ್ನಿಸಲಿಲ್ಲ. ಅಸಹ್ಯವೂ ಇಲ್ಲ, ಭಯವೂ ಇಲ್ಲ, ಆಸೆಯಷ್ಟೇ ಇಲ್ಲ. ಇದನ್ನು ಹೇಳಿದಾಗ ಎರಡನೆಯವರು "ನಿನ್ನದು ಪ್ರೀತಿಯಲ್ಲ, ಬರೀ ಸ್ನೇಹ" ಎಂದು ಹೇಳಿ ದೂರವಾದರು. ನನ್ನದು ಪ್ರೀತಿ ಹೌದೋ ಅಲ್ಲವೋ, ಇಂಥವರು ಮದುವೆಯಾಗಬಹುದೋ, ಆಗುವುದಾದರೆ ಹುಡುಗನಿಗೆ ಯಾವಾಗ, ಹೇಗೆ ಹೇಳಬೇಕು ಎಂಬುದನ್ನು ಇಂಥ ಅನುಭವ ಉಳ್ಳವರು ದಯವಿಟ್ಟು ತಿಳಿಸಿ.

ತುಂಗಾತೀರ:

ತಂಗಿ, ನಾನು ಶಿವಮೊಗ್ಗದವಳು, ನನ್ನ ಸ್ವಭಾವವೂ ಇದೇ, ಮದುವೆಯಾಗಿ ಹತ್ತು ವರ್ಷ ದಾಟಿದೆ. ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.

ನನ್ನನ್ನು ನೋಡಲು ಬಂದ ದಿನ ಹಿರಿಯರೆಲ್ಲ ನಡುಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತ್ ಮುಗಿಸಿ "ಹುಡುಗ ಹುಡುಗಿ ಸ್ವಲ್ಪ ಮಾತಾಡಿಕೊಳ್ಳಲಿ" ಎಂದು ನಮ್ಮನ್ನು ಮಹಡಿಗೆ ಕಳಿಸಿದರು. ಸಂಬಳ, ವರ್ಗಾವಣೆ, ಅತ್ತೆ-ಮಾವ ಜೊತೆಗಿರುವ ವಿಚಾರಗಳಾದ ಮೇಲೆ ನಾನು, ಪ್ರೀತಿ, ಸಂಸಾರ, ಜೊತೆ ಎಲ್ಲವೂ ನನಗೆ ಬೇಕು, ಆದರೆ ಗಂಡ ಹೆಂಡಿರ ನಡುವಿನ ದೈಹಿಕ ಸಂಬಂಧದಲ್ಲಿ ನನಗೆ ಮೊದಲಿನಿಂದಲೂ ಆಸೆ ಇಲ್ಲ, ಮುಂದೆ ಬರುತ್ತದೆಂಬ ಭರವಸೆಯನ್ನೂ ಕೊಡಲಾರೆ ಎಂದೆ. ಅವರು ಕೇಳಿದ ಮೊದಲ ಪ್ರಶ್ನೆ, "ಮನಸ್ಸಿನಲ್ಲಿ ಬೇರೆ ಯಾರಾದರೂ ಇದ್ದಾರೆಯೇ?" ಎಂದು. ಇಲ್ಲವೆಂದರೂ ನಂಬಲು ಹೊತ್ತು ಹಿಡಿಯಿತು. ಅನೇಕ ಗಂಡಸರಿಗೆ ಮೊದಲು ಹೊಳೆಯುವುದು ಇದೇ, ಆದ್ದರಿಂದ ಅದಕ್ಕೆ ಉತ್ತರವನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳಿ. "ನಾನು ಅಸೆಕ್ಷುಯಲ್" (ಅಲೈಂಗಿಕ, ಅಂದರೆ ಯಾರ ಮೇಲೂ ಲೈಂಗಿಕ ಆಕರ್ಷಣೆ ಆಗದವಳು) ಎಂದು ಅಂದು ಹೇಳಿದ್ದರೆ ಅವರು ಅದನ್ನು ಕಾಯಿಲೆಯ ಹೆಸರೆಂದೇ ತಿಳಿಯುತ್ತಿದ್ದರು. ಇರುವುದೇನು, ಇಲ್ಲದಿರುವುದೇನು ಎಂದು ಬಿಡಿಸಿ ಹೇಳಿದ್ದು ಉಪಯೋಗಕ್ಕೆ ಬಂತು.

ಕೆಲವು ವಾರ ಯೋಚಿಸಿ ಅವರು ಮತ್ತೆ ಬಂದರು, ಈ ಬಾರಿ ಪ್ರಶ್ನೆಗಳನ್ನು ಗಟ್ಟಿಮಾಡಿಕೊಂಡು. ಎಂದೂ ಆಗುವುದೇ ಇಲ್ಲವೇ, ಮಕ್ಕಳ ಗತಿ ಏನು, ನಾಳೆ ನೆಂಟರು ನನ್ನಲ್ಲೇ ದೋಷವಿದೆ ಎಂದರೆ ನೀವು ಸುಮ್ಮನಿರುತ್ತೀರಾ ಎಂದು ಕೇಳಿದರು. ನನಗೆ ಅಸಹ್ಯವಿಲ್ಲದ ಕಾರಣ ಆಗೊಮ್ಮೆ ಈಗೊಮ್ಮೆ ಒಪ್ಪಿಕೊಳ್ಳಬಲ್ಲೆ ಎಂದೆ. ಎಲ್ಲರಿಗೂ ಇದು ಸಾಧ್ಯವಿಲ್ಲ, ನಿಮಗೆ ಸಾಧ್ಯವೋ ಎಂಬುದನ್ನು ನೀವೇ ನಿರ್ಧರಿಸಬೇಕು. ನಾನು "ಬೇಡ" ಎಂದರೆ ಕಾರಣ ಕೇಳಬಾರದು, ಮಾರನೆಯ ದಿನ ಮುಖ ಊದಿಸಿಕೊಳ್ಳಬಾರದು ಎಂಬುದು ನಮ್ಮ ಒಪ್ಪಂದ. ಮಗಳು ಹುಟ್ಟುವವರೆಗೆ ಪ್ರತಿ ಮದುವೆಮನೆಯಲ್ಲೂ "ಏನಾದರೂ ವಿಶೇಷ ಉಂಟಾ?" ಎಂದು ಕೇಳುವವರು ಇದ್ದೇ ಇದ್ದರು, ಆ ಪ್ರಶ್ನೆಗೆ ಹೆಚ್ಚಾಗಿ ಅವರೇ ಉತ್ತರ ಕೊಟ್ಟರು. ಎಲ್ಲವೂ ಸುಖವಾಗಿದೆ ಎಂದು ಬರೆದರೆ ಸುಳ್ಳಾದೀತು. ತನ್ನನ್ನು ಯಾರೂ ಬಯಸುತ್ತಿಲ್ಲ ಎಂಬ ಕೊರಗು ಅವರಿಗೆ ಆಗಾಗ ಬರುತ್ತದೆ, ಆಗ ಎಷ್ಟು ಅಕ್ಕರೆ ತೋರಿದರೂ ಅದು ಪೂರ್ತಿ ಕರಗುವುದಿಲ್ಲ.

ನಿವೃತ್ತ ಮೇಷ್ಟ್ರು:

ನನ್ನನ್ನು ಹಳಬನೆಂದು ಬದಿಗಿಡಬೇಡಿ. ನಮ್ಮ ಕಾಲದಲ್ಲಿ ಮುಖ ನೋಡದೆ ಮದುವೆಯಾದವರೂ ಸಂಸಾರ ಮಾಡಿದರು, ಆಸೆ ಆಮೇಲೆ ತಾನಾಗಿ ಬಂತು. ಮದುವೆಗೆ ಮುಂಚೆಯೇ ಹೆಸರು ಹುಡುಕಿ ಹಣೆಗೆ ಅಂಟಿಸಿಕೊಂಡರೆ ಬರುವ ಆಸೆಯೂ ಬಾರದೆ ಹೋದೀತು.

ತುಂಗಾತೀರ:

ಮೇಷ್ಟ್ರೇ, ಒಡನಾಟ ಬೆಳೆದ ಮೇಲೆ ಮಾತ್ರ ಆಸೆ ಮೂಡುವವರೂ ಇದ್ದಾರೆ, ಅಂಥವರನ್ನು ಈಗ ಡೆಮಿಸೆಕ್ಷುಯಲ್ ಎನ್ನುತ್ತಾರೆ, ಅವರ ಮಟ್ಟಿಗೆ ನಿಮ್ಮ ಮಾತು ನಿಜ. ಆದರೆ ಈ ಹುಡುಗಿ ಇಬ್ಬರನ್ನು ಗಾಢವಾಗಿ ಪ್ರೀತಿಸಿದ ಮೇಲೂ ಬರಲಿಲ್ಲ ಎನ್ನುತ್ತಿದ್ದಾಳೆ. ಬಾರದೆ ಹೋದರೆ ಅದರ ಭಾರ ಹೊರುವವರು ಅವಳು ಮತ್ತು ಅವಳ ಗಂಡ, "ತಾನಾಗಿ ಬರುತ್ತದೆ" ಎಂದು ಹೇಳಿ ಆಶೀರ್ವದಿಸಿ ಹೋದ ನಾವಲ್ಲ.

ಗಿರ್ಮಿಟ್, ಹುಬ್ಬಳ್ಳಿ:

ನನ್ನದು ನಿಮ್ಮದಕ್ಕೆ ನೇರ ವಿರುದ್ಧವಾದ ಸ್ಥಿತಿ. ಹೆಂಗಸರ ಮೇಲೆ ದೈಹಿಕ ಆಕರ್ಷಣೆ ಎಲ್ಲರಂತೆ ಆಗುತ್ತದೆ. ಆದರೆ ನೀವು ವಿವರಿಸಿದ ಆ ಫೋನಿನ ಕಾತರ, ಹೊಟ್ಟೆಕಿಚ್ಚು, ಇವರೊಬ್ಬರೇ ಸಾಕು ಎಂಬ ಭಾವ ಯಾವುದೂ ನನಗೆ ಬಂದಿಲ್ಲ. ಇದನ್ನು ಅರೊಮ್ಯಾಂಟಿಕ್ ಎನ್ನುತ್ತಾರೆ. ನಿಮ್ಮಂಥವರಿಗೆ ಕನಿಷ್ಠ ಅನುಕಂಪವಾದರೂ ಸಿಗುತ್ತದೆ, ನಮ್ಮನ್ನು ನೇರವಾಗಿ ಚಪಲಚಿತ್ತರ ಪಟ್ಟಿಗೆ ಸೇರಿಸುತ್ತಾರೆ. ಗೆಳೆಯರಿಗಾಗಿ ಆಸ್ಪತ್ರೆಯಲ್ಲಿ ರಾತ್ರಿಯಿಡೀ ಕೂತವನು ನಾನು, ಅಕ್ಕನ ಮಕ್ಕಳನ್ನು ಎತ್ತಿ ಆಡಿಸಿ ಬೆಳೆಸಿದ್ದೇನೆ, ಹಾಗಾಗಿ ಕಲ್ಲೆದೆಯವನೆಂಬ ಮಾತನ್ನು ಒಪ್ಪಲಾರೆ. ಮದುವೆಯಾಗುವುದಿಲ್ಲವೆಂದು ಮನೆಯವರಿಗೆ ಹೇಳಿದ್ದೇನೆ. ಪ್ರೀತಿಯನ್ನು ನಿರೀಕ್ಷಿಸುವ ಹುಡುಗಿಯನ್ನು ಮನೆಗೆ ತಂದು, ನಾನು ಕೊಡಲಾರದ್ದಕ್ಕಾಗಿ ಜೀವನಪೂರ್ತಿ ಕಾಯಿಸುವುದು ನ್ಯಾಯವಲ್ಲ. ನೀವು ನಿಮ್ಮದು ಪ್ರೀತಿ ಹೌದೋ ಅಲ್ಲವೋ ಎಂದು ಕೇಳಿದ್ದೀರಿ. ಅದು ಬಾರದವನಾಗಿ ಹೇಳುತ್ತೇನೆ, ನಿಮ್ಮದು ಖಂಡಿತ ಪ್ರೀತಿಯೇ. ಸ್ನೇಹ ನನಗೆ ಚೆನ್ನಾಗಿ ಗೊತ್ತು, ಅದರಲ್ಲಿ ಊಟ ಬಿಡುವಂಥದ್ದೇನೂ ಇರುವುದಿಲ್ಲ.

ಆಪ್ತಸಮಾಲೋಚಕಿ, ಮೈಸೂರು:

ಈ ಪ್ರಶ್ನೆ ಹೊತ್ತು ನನ್ನ ಬಳಿ ಬರುವವರು ಕಡಿಮೆಯೇನಲ್ಲ, ಬಹಳ ಮಂದಿ "ನನ್ನಲ್ಲಿ ಏನೋ ಕೆಟ್ಟಿದೆ" ಎಂಬ ನಿರ್ಣಯದೊಡನೆಯೇ ಬರುತ್ತಾರೆ. ಆದ್ದರಿಂದ ತಿಳಿದಿರುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹಸಿವು, ಬಾಯಾರಿಕೆ ಒಂದೇ ಹೊತ್ತಿಗೆ ಬಂದರೂ ಒಂದೇ ಅಲ್ಲವಲ್ಲ, ಪ್ರಣಯದ ಸೆಳೆತ ಮತ್ತು ಲೈಂಗಿಕ ಸೆಳೆತವೂ ಹಾಗೆಯೇ. ಅಮೆರಿಕದ ಮನೋವಿಜ್ಞಾನಿ ಲೀಸಾ ಡೈಮಂಡ್ 2003ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಲೈಂಗಿಕ ಬಯಕೆ ಸಂತಾನೋತ್ಪತ್ತಿಗಾಗಿ ರೂಪುಗೊಂಡ ವ್ಯವಸ್ಥೆಗೆ ಸೇರಿದ್ದು, ಪ್ರಣಯದ ಒಲವು ತಾಯಿ ಮಗುವಿನ ನಡುವಿನ ನಂಟಿಗೆ ಆಧಾರವಾದ ಬಾಂಧವ್ಯದ ವ್ಯವಸ್ಥೆಯಿಂದ ಬೆಳೆದದ್ದು, ಎರಡೂ ಬಹುಪಾಲು ಜನರಲ್ಲಿ ಜೊತೆಜೊತೆಯಾಗಿ ಕೆಲಸ ಮಾಡಿದರೂ ಒಂದಿಲ್ಲದೆ ಇನ್ನೊಂದು ಇರಬಲ್ಲದು ಎಂಬುದು ಅವರ ವಾದ. ಅದಕ್ಕೂ ಬಹಳ ಮೊದಲು, 1979ರಲ್ಲಿ, ಮನೋವಿಜ್ಞಾನಿ ಡೊರೊಥಿ ಟೆನಾವ್ ಪ್ರೇಮಜ್ವರದ ಕುರಿತ ತಮ್ಮ ಸಮೀಕ್ಷೆಯನ್ನು ಪ್ರಕಟಿಸಿದ್ದರು. ಲೈಂಗಿಕತೆಯ ಅಗತ್ಯವೇ ಕಾಣದೆ ತಾವು ಪ್ರೇಮಿಸಿದ್ದುಂಟು ಎಂದು ಅದರಲ್ಲಿ ಶೇ. 61ರಷ್ಟು ಹೆಂಗಸರು, ಶೇ. 35ರಷ್ಟು ಗಂಡಸರು ಹೇಳಿದ್ದರು. ಇವರೆಲ್ಲ ಅಲೈಂಗಿಕರೆಂದು ಅರ್ಥವಲ್ಲ. ಅಂಥ ಪ್ರೀತಿ ಸಾಮಾನ್ಯರಿಗೂ ಅಪರಿಚಿತವಲ್ಲ ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ಯಾರ ಮೇಲೂ ಎಂದಿಗೂ ಲೈಂಗಿಕ ಆಕರ್ಷಣೆ ಆಗದವರ ಪ್ರಮಾಣದ ಬಗ್ಗೆ ಹೆಚ್ಚಾಗಿ ಉಲ್ಲೇಖಿಸುವುದು ಕೆನಡಾದ ಆಂಟನಿ ಬೊಗಾರ್ಟ್ ಅವರ 2004ರ ಅಧ್ಯಯನವನ್ನು. ಬ್ರಿಟನ್ನಿನ 18 ಸಾವಿರಕ್ಕೂ ಹೆಚ್ಚು ಜನರ ಉತ್ತರಗಳಲ್ಲಿ ಅದು ಶೇ. 1ರಷ್ಟಿತ್ತು.

ಇದು ಕಾಯಿಲೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿ ಅಲ್ಲ ಎಂಬುದೇ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯ 2013ರ ಆವೃತ್ತಿಯೂ, ವ್ಯಕ್ತಿ ತನ್ನನ್ನು ಅಲೈಂಗಿಕನೆಂದು ಗುರುತಿಸಿಕೊಂಡಿದ್ದರೆ ಲೈಂಗಿಕ ಆಸಕ್ತಿಯ ಕೊರತೆಯನ್ನು ರೋಗವೆಂದು ದಾಖಲಿಸಬಾರದು ಎನ್ನುತ್ತದೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಮೊದಲು ಆಸೆಯಿದ್ದು ಇತ್ತೀಚೆಗೆ ಬತ್ತಿದ್ದರೆ ಥೈರಾಯ್ಡ್, ಖಿನ್ನತೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಹೆರಿಗೆಯ ನಂತರದ ಬದಲಾವಣೆಗಳು, ಹಿಂದೆ ಅನುಭವಿಸಿದ ದೌರ್ಜನ್ಯ ಇವೆಲ್ಲ ಕಾರಣವಾಗಿರಬಹುದು, ಆಗ ವೈದ್ಯರನ್ನು ಕಾಣುವುದು ಒಳ್ಳೆಯದು. ನೀವು ಆಸೆ ಒಮ್ಮೆಯೂ ಅನ್ನಿಸಲಿಲ್ಲ, ಭಯವಿಲ್ಲ, ಅಸಹ್ಯವಿಲ್ಲ ಎಂದು ಬರೆದಿರುವುದರಿಂದ ಇದು ನಿಮ್ಮ ಸಹಜ ಸ್ವಭಾವವೇ ಇದ್ದಂತೆ ತೋರುತ್ತದೆ. ಇನ್ನು ಇದನ್ನು ಬದಲಾಯಿಸಿ ಕೊಡುತ್ತೇನೆ ಎನ್ನುವವರ ಹತ್ತಿರ, ಅವರು ಪದವೀಧರರಿರಲಿ, ಬೀದಿಯ ಗುಪ್ತರೋಗ ತಜ್ಞರಿರಲಿ, ಹೋಗಲೇಬೇಡಿ. ತೀರಾ ಕಂಗೆಟ್ಟಾಗ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ಕಡಲತಡಿ, ಮಂಗಳೂರು:

ಆಪ್ತಸಮಾಲೋಚಕಿಯವರ ಮಾತಿಗೆ ಒಂದು ಚಿಕ್ಕ ಸೇರ್ಪಡೆ. ಎರಡು ಸೆಳೆತಗಳಲ್ಲಿ ಒಂದು ಇಲ್ಲದಿರುವುದಷ್ಟೇ ಅಲ್ಲ, ಎರಡೂ ಇದ್ದು ಬೇರೆಬೇರೆ ದಿಕ್ಕಿಗೆ ಎಳೆಯುವುದೂ ಉಂಟು. ನನಗೆ ಗಂಡಸರ ಮೇಲೂ ಹೆಂಗಸರ ಮೇಲೂ ಲೈಂಗಿಕ ಆಕರ್ಷಣೆ ಆಗುತ್ತದೆ, ಪ್ರೀತಿ ಹುಟ್ಟುವುದು ಮಾತ್ರ ಹೆಂಗಸರ ಮೇಲೆ. "ಗಂಡಸರೂ ಹಿಡಿಸುತ್ತಾರಲ್ಲ, ಹಾಗಾದರೆ ಮದುವೆಗೆ ಏನು ಅಡ್ಡಿ?" ಎಂದು ನನ್ನ ಚಿಕ್ಕಮ್ಮನೇ ಕೇಳಿದ್ದುಂಟು. ಹಾಸಿಗೆಯ ಮಟ್ಟಿಗೆ ಅಡ್ಡಿಯಿಲ್ಲ, ಬಾಳಿನ ಮಟ್ಟಿಗೆ ಇದೆ ಎಂದು ಅವರಿಗೆ ಬಿಡಿಸಿ ಹೇಳಲು ಆಗಲಿಲ್ಲ. ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು, ಆದರೆ 2023ರಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಆದ್ದರಿಂದ ಗೆಳತಿಯೊಡನೆ ಒಂದೇ ಮನೆಯಲ್ಲಿದ್ದರೂ ಕಾಗದದ ಮೇಲೆ ನಾವು ಜೊತೆ ಬಾಡಿಗೆದಾರರು. ನಿಮಗೆ ಪ್ರೀತಿ ಹುಟ್ಟುವುದು ಗಂಡಸರ ಮೇಲೆ ಎಂಬ ಕಾರಣಕ್ಕೆ ಮದುವೆಯ ಬಾಗಿಲಾದರೂ ತೆರೆದಿದೆ.

ಕಪ್ಪು ಕೋಟು:

ಬಾಗಿಲು ತೆರೆದಿದೆ, ನಿಜ. ಅದರೊಳಗೆ ಕಾಲಿಡುವ ಮುನ್ನ ಕಾನೂನಿನ ಕೆಲವು ಅಂಶಗಳು ತಿಳಿದಿರಲಿ. ನಾನು ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲಿ ಮಾಡುವವನು.

ದೈಹಿಕ ಸಂಬಂಧ ನಡೆಯದ ಮಾತ್ರಕ್ಕೆ ಮದುವೆ ತಾನಾಗಿ ಅಸಿಂಧುವಾಗುವುದಿಲ್ಲ. ಇಬ್ಬರೂ ಒಪ್ಪಿ ಹಾಗೆಯೇ ಬಾಳಿದರೆ ಕೇಳುವವರು ಯಾರೂ ಇಲ್ಲ. ತೊಂದರೆ ಶುರುವಾಗುವುದು ಒಬ್ಬರಿಗೆ ಒಪ್ಪಿಗೆ ಇಲ್ಲದಿದ್ದಾಗ. ಸೂಕ್ತ ಕಾರಣವಾಗಲಿ ದೈಹಿಕ ಅಶಕ್ತತೆಯಾಗಲಿ ಇಲ್ಲದೆ ದೀರ್ಘಕಾಲ ಏಕಪಕ್ಷೀಯವಾಗಿ ಸಂಬಂಧ ನಿರಾಕರಿಸುವುದು ಮಾನಸಿಕ ಕ್ರೌರ್ಯವೆನಿಸಬಹುದು ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಸಮರ್ ಘೋಷ್ ಪ್ರಕರಣದಲ್ಲಿ ಹೇಳಿದೆ, ಮತ್ತು ಕ್ರೌರ್ಯ ವಿಚ್ಛೇದನಕ್ಕೆ ಆಧಾರ. ಗಂಡ ಧಾರ್ಮಿಕ ಕಾರಣದಿಂದ ದೂರವುಳಿದ ಪ್ರಕರಣವೊಂದರಲ್ಲಿ ನಮ್ಮ ಹೈಕೋರ್ಟ್ 2023ರಲ್ಲಿ, ಇದು ವಿವಾಹ ಕಾಯ್ದೆಯ ಮಟ್ಟಿಗೆ ಕ್ರೌರ್ಯವಾದರೂ ಹಳೆಯ ದಂಡಸಂಹಿತೆಯ 498ಎ (ಹೆಂಡತಿಯ ಮೇಲಿನ ಕ್ರೌರ್ಯ) ಅಡಿಯ ಅಪರಾಧವಲ್ಲ ಎಂದಿತು. ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನಲ್ಲಿ ಮಹತ್ವದ ಸಂಗತಿಯನ್ನು ವಂಚನೆಯಿಂದ ಮರೆಮಾಚಿ ಒಪ್ಪಿಗೆ ಪಡೆದಿದ್ದರೆ, ಅದು ತಿಳಿದ ಒಂದು ವರ್ಷದೊಳಗೆ ಮದುವೆಯ ರದ್ದತಿ ಕೋರಲು ಅವಕಾಶವಿದೆ. ಮೊದಲೇ ಹೇಳಿದ್ದರೆ ಅಂಥ ಆರೋಪಕ್ಕೆ ಬುಡವೇ ಇರುವುದಿಲ್ಲ.

ಇನ್ನೊಂದು ಬದಿಯೂ ಇದೆ. ಹೆಂಡತಿಯ ಇಚ್ಛೆಗೆ ವಿರುದ್ಧವಾಗಿ ಗಂಡ ಬಲವಂತ ಮಾಡಿದರೆ, ಅವಳು ವಯಸ್ಕಳಾಗಿದ್ದಲ್ಲಿ, ಹೊಸ ನ್ಯಾಯಸಂಹಿತೆಯಲ್ಲಿಯೂ ಅದನ್ನು ಅತ್ಯಾಚಾರದ ವ್ಯಾಖ್ಯೆಯಿಂದ ಹೊರಗಿಡಲಾಗಿದೆ. ಇದು ನಮ್ಮ ಕಾನೂನಿನ ದೊಡ್ಡ ಕಳಂಕ ಎಂಬುದು ನನ್ನ ಅಭಿಪ್ರಾಯ. ಆದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯವೂ ಸೇರಿದೆ, ಅದರಡಿ ರಕ್ಷಣಾ ಆದೇಶ ಪಡೆಯಬಹುದು. ಮಕ್ಕಳ ಆಸೆ ಇದ್ದರೆ ದತ್ತು ಸ್ವೀಕಾರದ ದಾರಿಯೂ ಇದೆ. ದಂಪತಿಗೆ ಕನಿಷ್ಠ ಎರಡು ವರ್ಷದ ಸ್ಥಿರ ದಾಂಪತ್ಯ ಬೇಕು. ಒಂಟಿ ಹೆಂಗಸು ಗಂಡು ಮಗುವನ್ನಾದರೂ ಹೆಣ್ಣು ಮಗುವನ್ನಾದರೂ ದತ್ತು ಪಡೆಯಬಹುದು.

ಬೆಣ್ಣೆನಗರಿ:

ಎಲ್ಲರಿಗೂ ಕೃತಜ್ಞತೆಗಳು. ಮುಂದಿನ ತಿಂಗಳು ಒಂದು ಸಂಬಂಧ ನೋಡಲು ಬರುವವರಿದ್ದಾರೆ. ಮಹಡಿಯ ಮೇಲಿನ ಹತ್ತು ನಿಮಿಷದಲ್ಲಿ ಇಷ್ಟನ್ನೂ ಹೇಳಲು ನನಗೆ ಧೈರ್ಯ ಸಾಲದು. ಅದಕ್ಕೂ ಮೊದಲು ಹುಡುಗನ ನಂಬರ್ ಕೇಳಿ ಪಡೆದು ಫೋನಿನಲ್ಲಿ ಹೇಳಿದರೆ ಆಗುವುದೇ? ವಕೀಲರೇ, ಅದನ್ನು ಬರಹದಲ್ಲಿಯೂ ತಿಳಿಸಬೇಕೇ? ಅವರು ಅದನ್ನು ನಾಲ್ಕು ಜನಕ್ಕೆ ತೋರಿಸಿದರೆ ಅಪ್ಪ ಅಮ್ಮ ಊರಲ್ಲಿ ತಲೆಯೆತ್ತುವುದು ಕಷ್ಟವಾಗುತ್ತದೆ.

ತುಂಗಾತೀರ:

ಫೋನಿನಲ್ಲೇ ಹೇಳಿ ತಂಗಿ, ಅವರಿಗೂ ತಮ್ಮ ಮುಖಭಾವ ಮರೆಸಿಕೊಳ್ಳುವ ಕಷ್ಟ ತಪ್ಪುತ್ತದೆ. ಆದರೆ ಮೊದಲ ಕರೆಯಲ್ಲಿ ಬೇಡ. ಎರಡು ಮೂರು ಬಾರಿ ಮಾತನಾಡಿ, ಮನುಷ್ಯ ಬಾಯಿಬಡುಕನೋ ಅಲ್ಲವೋ ಎಂದು ನೋಡಿಕೊಳ್ಳಿ. ಬೇರೆ ಹುಡುಗಿಯರನ್ನು ನೋಡಿ ಬಂದ ಕಥೆಯನ್ನು ರಸವತ್ತಾಗಿ ಹೇಳುವವನಾದರೆ ನಿಮ್ಮದನ್ನೂ ಹೇಳುತ್ತಾನೆ.

ಕಪ್ಪು ಕೋಟು:

ಮೊದಲ ಹಂತದಲ್ಲಿ ಬರಹ ಬೇಡ. ಅವರು ಒಪ್ಪಿ, ನಿಶ್ಚಿತಾರ್ಥದ ಮಾತು ಬಂದ ಮೇಲೆ, "ಅಂದು ನಾವು ಮಾತನಾಡಿದ ವಿಷಯದಲ್ಲಿ ನಿಮ್ಮ ನಿರ್ಧಾರ ಗಟ್ಟಿಯಾಗಿದೆಯೇ?" ಎಂದು ವಾಟ್ಸ್ಆ್ಯಪಿನಲ್ಲಿ ಒಂದು ಸಾಲು ಕಳಿಸಿ, ಬಂದ ಉತ್ತರವನ್ನು ಅಳಿಸದೆ ಉಳಿಸಿಕೊಳ್ಳಿ. ವಿಷಯ ಏನೆಂದು ಅದರಲ್ಲಿ ಬಿಡಿಸಿ ಬರೆಯದೆ ಇದ್ದರೂ, ಮದುವೆಗೆ ಮುನ್ನ ಗಂಭೀರವಾದ ಮಾತುಕತೆಯೊಂದು ನಡೆದಿತ್ತು ಎಂಬುದಕ್ಕೆ ಅದು ಪುರಾವೆಯಾಗುತ್ತದೆ.