ಮಗ ಐಸ್ ಹಾಕಿಯಲ್ಲಿ ಡಿಫೆನ್ಸ್‌ಮನ್ (ರಕ್ಷಣಾ ಆಟಗಾರ) ಆಗಬೇಕಂತೆ, 16ಕ್ಕೇ ಮನೆ ಬಿಟ್ಟು ಕಳಿಸಬಹುದಾ?

ಬ್ರಾಂಪ್ಟನ್: ಕೆನಡಾದ ಕನ್ನಡಿಗರೆಲ್ಲರಿಗೂ ನಮಸ್ಕಾರ. ಮಗನಿಗೆ 14, ಟ್ರಿಪಲ್ ಎ (ಮಕ್ಕಳ ಹಾಕಿಯ ಮೇಲಿನ ಮಟ್ಟ) ತಂಡದಲ್ಲಿ ಡಿಫೆನ್ಸ್ ಆಡುತ್ತಾನೆ. ಮುಂದಿನ ವರ್ಷ ಒಎಚ್‌ಎಲ್ (ಒಂಟಾರಿಯೊದ ಜೂನಿಯರ್ ಹಾಕಿ ಲೀಗ್) ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹುಡುಗರನ್ನು ಆರಿಸುವಾಗ, ಹೆಸರು ಬರಬಹುದು ಅಂತ ಕೋಚ್ ಹೇಳಿದ್ದಾರೆ. ಬಂದರೆ ಬೇರೆ ಊರಲ್ಲಿ ಬಿಲೆಟ್ ಕುಟುಂಬದ (ಆಟಗಾರರನ್ನು ಮನೆಯಲ್ಲಿ ಇಟ್ಟುಕೊಳ್ಳುವವರು) ಜೊತೆ ಇರಬೇಕು. ನಮ್ಮ ಮನೆಯವರು ಬೇಡವೇ ಬೇಡ ಅನ್ನುತ್ತಾರೆ, ಮಗ ಮಾತು ಬಿಟ್ಟಿದ್ದಾನೆ. ಓದಿನ ಗತಿ ಏನು? ಗೊತ್ತಿದ್ದವರು ದಯವಿಟ್ಟು ಹೇಳಿ.

ಕ್ಯಾಲ್ಗರಿ: ಕಳಿಸಿ ಅಕ್ಕಾ. ನಮ್ಮ ಮಾರ್ಕ್ ಜಿಯೋರ್ಡಾನೊ ನೋಡಿ, ಟೊರಾಂಟೊ ಹುಡುಗ. ಎನ್‌ಎಚ್‌ಎಲ್ (ದೊಡ್ಡವರ ವೃತ್ತಿಪರ ಲೀಗ್) ಡ್ರಾಫ್ಟ್‌ನಲ್ಲಿ ಯಾರೂ ತೆಗೆದುಕೊಳ್ಳಲಿಲ್ಲ. ಮಧ್ಯೆ ಒಂದು ಸೀಸನ್ ಮಾಸ್ಕೋಗೆ ಹೋಗಿ ಆಡಿ ಬಂದ. 2013ರಲ್ಲಿ ನಮ್ಮ ಕ್ಯಾಲ್ಗರಿ ಫ್ಲೇಮ್ಸ್ ತಂಡದ ಕ್ಯಾಪ್ಟನ್ ಆದ, 2019ರಲ್ಲಿ 35ನೇ ವಯಸ್ಸಿಗೆ ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಕೊಡುವ ನಾರಿಸ್ ಟ್ರೋಫಿ ಗೆದ್ದ. ಡಿಫೆನ್ಸ್‌ನವರು ತಡವಾಗಿಯೇ ಮಾಗುವುದು.

ಮಿಸಿಸಾಗಾ: ನನ್ನ ಮಗಳು ಹಾಕಿ, ಭರತನಾಟ್ಯ ಎರಡನ್ನೂ ಮಾಡುತ್ತಾಳೆ, ಮಾರ್ಕ್ಸ್ ಕೂಡ ಒಳ್ಳೆಯದೇ. ಬೆಳಗಿನ ಜಾವದ ಪ್ರಾಕ್ಟೀಸಿಗೆ ಅವಳ ಅಪ್ಪನೇ ಕರೆದುಕೊಂಡು ಹೋಗುತ್ತಾರೆ. ಮಕ್ಕಳಿಗೆ ಶಿಸ್ತು ಮುಖ್ಯ.

ಒಟ್ಟಾವಾ: ಪ್ರಶ್ನೆ ಓದಿನದ್ದು ಅಲ್ವಾ? ಡ್ರಾಫ್ಟ್ ಆದರೆ ಸಹಿ ಹಾಕಲೇಬೇಕು ಅಂತಿಲ್ಲ. ಸಹಿ ಹಾಕಿದರೆ ಆ ಊರಿನ ಹೈಸ್ಕೂಲಲ್ಲಿ ಓದುತ್ತಾನೆ, ಆಡಿದ ಒಂದೊಂದು ಸೀಸನ್‌ಗೂ ಒಂದು ವರ್ಷದ ಕಾಲೇಜು ಫೀಸಿನ ಸ್ಕಾಲರ್‌ಶಿಪ್ ಲೆಕ್ಕ ಇರುತ್ತದೆ. ಷರತ್ತುಗಳನ್ನು ಬರವಣಿಗೆಯಲ್ಲಿ ಕೇಳಿ. ಮುಂಚೆ ಒಎಚ್‌ಎಲ್ ಆಡಿದವರಿಗೆ ಅಮೆರಿಕದ ಕಾಲೇಜು ಹಾಕಿಯ (ಎನ್‌ಸಿಎಎ) ಬಾಗಿಲು ಮುಚ್ಚುತ್ತಿತ್ತು, 2025ರ ಆಗಸ್ಟ್‌ನಿಂದ ಆ ತಡೆ ಇಲ್ಲ. ಮನೆ ಬಿಡುವುದು ಬೇಡ ಅಂದರೆ ಟೊರಾಂಟೊ ಸುತ್ತಮುತ್ತ ಒಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಜೂನಿಯರ್ ಎ ತಂಡಗಳಿವೆ.

ವಾಟರ್ಲೂ: ಸುಮ್ನೆ ಆಸೆ ಹುಟ್ಟಿಸಬೇಡಿ. ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಇಡೀ ಜಗತ್ತಿನಿಂದ ವರ್ಷಕ್ಕೆ 224 ಹುಡುಗರು. 32 ತಂಡ, ಪಂದ್ಯಕ್ಕೆ ಸಾಮಾನ್ಯವಾಗಿ ಆರು ಜನ ಡಿಫೆನ್ಸ್. ಎಷ್ಟು ಜಾಗ ಆಯಿತು, ನೀವೇ ಲೆಕ್ಕ ಹಾಕಿ. ಅದರಲ್ಲೂ ಡಿಫೆನ್ಸ್ ಅಂದರೆ ಮೂಲೆಯಲ್ಲಿ ಪಕ್ (ಆಟದ ಬಿಲ್ಲೆ) ತೆಗೆಯಲು ಬೆನ್ನು ತಿರುಗಿಸಿ ಹೋಗಬೇಕು, ಹಿಂದಿನಿಂದ ಬಂದವನು ಸುತ್ತಲಿನ ಗೋಡೆಗೆ ಗುದ್ದುತ್ತಾನೆ. ಶಿಕಾಗೊ ತಂಡದ ಡಿಫೆನ್ಸ್ ಆಟಗಾರ ಡಂಕನ್ ಕೀತ್‌ಗೆ 2010ರಲ್ಲಿ ಪಕ್ ಬಡಿದು ಏಳು ಹಲ್ಲು ಹೋದವು. ಹಲ್ಲು ಕಟ್ಟಿಸಬಹುದು, ತಲೆಗೆ ಪೆಟ್ಟಾದರೆ? ನಾವು ಇಷ್ಟು ದೂರ ಬಂದು ದುಡಿಯುತ್ತಿರುವುದು ಮಗನನ್ನು ಬೇರೆಯವರ ಮನೆಯಲ್ಲಿ ಬೆಳೆಸುವುದಕ್ಕಾ? ನಿಮ್ಮ ಯಜಮಾನರು ಹೇಳುವುದೇ ಸರಿ.

ಎಡ್ಮಂಟನ್: ಊರಲ್ಲಿ ಪಿಯುಸಿಗೆ ಅಂತ ಮೂಡುಬಿದಿರೆ ಹಾಸ್ಟೆಲ್‌ಗೆ 16ಕ್ಕೇ ಕಳಿಸುವುದಿಲ್ಲವಾ? ಆಗ ಯಾರೂ ಅಳುವುದಿಲ್ಲ.

ವಾಟರ್ಲೂ: ಹಾಸ್ಟೆಲ್‌ನಲ್ಲಿ ತಲೆಗೆ ಗುದ್ದುವುದಿಲ್ಲ. ಮೊದಲು ಡಿಗ್ರಿ, ಆಮೇಲೆ ಆಟ.

ಸರ್ರೆ: ನಮ್ಮ ಬ್ರಿಟಿಷ್ ಕೊಲಂಬಿಯಾದ ಪಂಜಾಬಿಗಳು ಹೀಗೆ ಹೆದರಲಿಲ್ಲ. ರಾಬಿನ್ ಬಾವಾ 1989ರಲ್ಲೇ ಎನ್‌ಎಚ್‌ಎಲ್ ಆಡಿದರು. ಇಲ್ಲಿಯ ಅರ್ಷ್‌ದೀಪ್ ಬೇನ್ಸ್ ಡ್ರಾಫ್ಟ್ ಆಗದೆಯೂ 2024ರಲ್ಲಿ ವ್ಯಾಂಕೂವರ್‌ನ ಎನ್‌ಎಚ್‌ಎಲ್ ತಂಡ ಕೆನಕ್ಸ್‌ಗೆ ಆಡಲು ಇಳಿದ. ನಮ್ಮ ಕನ್ನಡದ ಮನೆಗಳಲ್ಲಿ ಎಲ್ಲರೂ ಐಟಿ, ಡಾಕ್ಟರ್ ಅಂತಲೇ ಇದ್ದಾರೆ. ನನ್ನ ಅಣ್ಣ ಯೂನಿವರ್ಸಿಟಿಗೆ ಕಬಡ್ಡಿ ಆಡುತ್ತಿದ್ದ, ಅಪ್ಪ ಬಿಡಿಸಿ ಬ್ಯಾಂಕ್ ಪರೀಕ್ಷೆಗೆ ಕೂರಿಸಿದರು. ಈಗಲೂ ಅವನು ಆ ಮಾತೆತ್ತಿದರೆ ಎದ್ದು ಹೋಗುತ್ತಾನೆ.

ವಾಟರ್ಲೂ: ಬೇನ್ಸ್ ಒಬ್ಬ. ಜೂನಿಯರ್‌ಗೇ ಮುಗಿದವರ ಹೆಸರು ಯಾರಿಗಾದರೂ ಗೊತ್ತಾ?

ಬ್ರಾಂಪ್ಟನ್: ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಕೇಳಬೇಕಿತ್ತು, ಬಿಲೆಟ್ ಮನೆಯಲ್ಲಿ ಸಸ್ಯಾಹಾರ ಸಿಗುತ್ತದಾ?

ಒಟ್ಟಾವಾ: ತಂಡದಲ್ಲಿ ಬಿಲೆಟ್ ನೋಡಿಕೊಳ್ಳುವವರು ಒಬ್ಬರು ಇರುತ್ತಾರೆ, ಸಹಿಗೆ ಮುಂಚೆಯೇ ಅವರ ಹತ್ತಿರ ಮಾತಾಡಿ. ಆ ಮನೆಗೆ ನೀವೂ ಮನೆಯವರೂ ಹೋಗಿ ಒಂದು ಸಲ ನೋಡಿಕೊಂಡು ಬನ್ನಿ.